ಜನರೇಟರಿನ ಮೇಲೆ ಎಷ್ಟು ಹೊರೆ ಹಾಕಬಹುದು?



ಕಂಬದ ಲೈನು ತಲುಪದ ಗುಡ್ಡೆಯ ಬದಿಯ ಮನೆಗಳಿಗೆ ಈಗ ಸೌರ ಫಲಕ, ಬ್ಯಾಟರಿ, ಇನ್ವರ್ಟರು ಈ ಮೂರೂ ಬಂದಿವೆ. ಬಿಸಿಲಿರುವ ತನಕ ಚಿಂತೆಯಿಲ್ಲ. ಆಟಿಯಲ್ಲಿ ದಿನಗಟ್ಟಲೆ ಮೋಡ ಕವಿದಾಗ ಮಾತ್ರ ಒಂದು ಸಣ್ಣ ಪೆಟ್ರೋಲ್ ಜನರೇಟರಿನ ಸಹಾಯ ಬೇಕಾಗುತ್ತದೆ. ಹೀಗೆ ಹೊರಗಿನಿಂದ ಒಳಗೆ ಬರುವ ವಿದ್ಯುತ್ತಿಗೆ ಇನ್ವರ್ಟರಿನಲ್ಲಿ ಒಂದು ಮಿತಿಯನ್ನು ಹಾಕಿಡಬೇಕೆಂಬುದನ್ನು ಹಲವರು ಅರಿಯರು. ನಾನೂ ಅರಿತಿರಲಿಲ್ಲ.

ಕಳೆದ ಆಟಿಯಲ್ಲಿ ಐದು ದಿನ ಬಿಡದೆ ಮಳೆ ಸುರಿದು ನಮ್ಮ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯಿತು. ಸೀಸದ ಬ್ಯಾಟರಿಯನ್ನು ಹಾಗೆ ಬಹುದಿನ ಬಿಟ್ಟರೆ ತಗಡುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ; ಆಮೇಲೆ ಎಷ್ಟು ತುಂಬಿದರೂ ಹಿಂದಿನ ಬಲ ಬಾರದು. ಒಂದು ಬೆಳೆಯ ಅಡಿಕೆಯ ಹಣ ಹಾಕಿ ಕೊಂಡ ಬ್ಯಾಟರಿ ಅದು. ಗಡಿಬಿಡಿಯಿಂದ ಜನರೇಟರು ಹೂಡಿದೆ. ಒಂದು ನಿಮಿಷ ಸರಿಯಾಗಿ ಓಡಿತು. ಆಮೇಲೆ ಅದರ ದನಿ ತಗ್ಗಿತು, ದೀಪ ಮಂಕಾಯಿತು, ಇನ್ವರ್ಟರಿನೊಳಗೆ 'ಟಕ್' ಎಂದಿತು. ಹೊರೆ ಕಳಚಿದ ಜನರೇಟರು ಮತ್ತೆ ಜೋರಾಗಿ ಕೂಗಿತು. ಸ್ವಲ್ಪ ಹೊತ್ತಿಗೆ ಪುನಃ ಅದೇ ಕಥೆ.

ಪೆಟ್ರೋಲಿಗೆ ನೀರು ಸೇರಿದೆ ಎಂದು ಬಗೆದು ಟಾಂಕಿ ಬರಿದು ಮಾಡಿದೆ. ಕಾರ್ಬ್ಯುರೇಟರು ಬಿಚ್ಚಿಸಿದೆ, ಹೊಸ ಪ್ಲಗ್ಗು ಹಾಕಿಸಿದೆ. ಮೂರು ದಿನ ಕಳೆಯಿತು, ಫಲವಿಲ್ಲ. ಕೊನೆಗೆ ವಯರಿಂಗ್ ಕೆಲಸ ಮಾಡುವ ಹಳೆಯ ಶಿಷ್ಯನೊಬ್ಬ ಬಂದು ಇನ್ವರ್ಟರಿನ ಅಂಕಿಗಳನ್ನು ನೋಡಿ, "ಮಾಷ್ಟ್ರೇ, ಜನರೇಟರಿಗೆ ಏನೂ ಆಗ್ಲಿಲ್ಲ. ನೀವು ಅದರತ್ರ ಹದಿನಾರು ಆಂಪಿಯರ್ ಕೇಳ್ತಾ ಇದ್ದೀರಿ, ಅದು ಎಲ್ಲಿಂದ ಕೊಡ್ಲಿ?" ಎಂದ. ಕಾರ್ಖಾನೆಯಿಂದ ಬರುವಾಗಲೇ ಇದ್ದ ಅಂಕಿ ಅದು. ವೋಲ್ಟನ್ನು ಆಂಪಿಯರಿನಿಂದ ಗುಣಿಸುವ ಲೆಕ್ಕವನ್ನು ಅವನಿಗೆ ಕಲಿಸಿದವನು ನಾನೇ!

ನಮ್ಮ ಸುರಂಗವನ್ನೇ ನೆನೆಯಿರಿ. ಗುಡ್ಡೆಯೊಳಗಿಂದ ದಂಬೆಯಲ್ಲಿ ಬರುವ ನೀರು ಇಷ್ಟೇ ಎಂದು ಉಂಟು. ಅದರಲ್ಲಿ ಮನೆಗೆ ಬೇಕಾದುದು ಮೊದಲು, ಉಳಿದುದು ಕೆರೆಗೆ. ಜನರೇಟರಿನ ವಿದ್ಯುತ್ತೂ ಹಾಗೆಯೇ. ಮನೆಯ ದೀಪ, ಫ್ಯಾನು, ಫ್ರಿಜ್ಜುಗಳಿಗೆ ಅದು ಇನ್ವರ್ಟರಿನ ಮೂಲಕ ನೇರವಾಗಿ ಹೋಗುತ್ತದೆ. ಮಿಕ್ಕುದು ಬ್ಯಾಟರಿಯನ್ನು ತುಂಬುತ್ತದೆ. ಆದರೆ ಮಿತಿ ಹೇಳದಿದ್ದರೆ ಇನ್ವರ್ಟರು ಜನರೇಟರಿನ ಬಲವನ್ನು ತಾನಾಗಿ ತಿಳಿಯಲಾರದು. ಹಸಿದ ಬ್ಯಾಟರಿಗಾಗಿ ಸಿಕ್ಕಷ್ಟೂ ಎಳೆಯುತ್ತದೆ. ಸಾಮಾನ್ಯ ಸಣ್ಣ ಜನರೇಟರು ನಿಮಿಷಕ್ಕೆ 3000 ಸುತ್ತು ತಿರುಗಿದಾಗ 50 ಆವರ್ತದ ವಿದ್ಯುತ್ತು ಬರುತ್ತದೆ. ಹೊರೆ ಮೀರಿ ವೇಗ 2700ಕ್ಕೆ ಇಳಿದರೆ ಆವರ್ತ 45 ಆಗುತ್ತದೆ. ಇದು ಕೆಟ್ಟ ವಿದ್ಯುತ್ತೆಂದು ಇನ್ವರ್ಟರು ಕೈಬಿಡುತ್ತದೆ. ಆ 'ಟಕ್' ಶಬ್ದದ ಅರ್ಥ ಇದೇ.

ಇನ್ನು ಲೆಕ್ಕ. ಜನರೇಟರಿನ ಫಲಕದಲ್ಲಿ ಎರಡು ಅಂಕಿಗಳಿರುತ್ತವೆ. ದೊಡ್ಡದು ಕ್ಷಣಕಾಲದ ಬಲ. ಮಾರುವವರು ಹೇಳುವುದು ಅದನ್ನೇ. ಸಣ್ಣದು ಸತತ ಬಲ. ನಮಗೆ ಬೇಕಾದುದು ಇದು. ನನ್ನದರ ಸತತ ಬಲ 2200 ವೋಲ್ಟ್ ಆಂಪಿಯರ್. ಅದರ ಐದರಲ್ಲಿ ನಾಲ್ಕು ಪಾಲು ಹಿಡಿಯಿರಿ: 1760. ಇದನ್ನು 230ರಿಂದ ಭಾಗಿಸಿದರೆ ಏಳೂವರೆ ಆಂಪಿಯರಿಗೆ ಸ್ವಲ್ಪ ಮೇಲೆ. ಏಳೂವರೆ ಎಂದೇ ಹಾಕಿದೆ. ಮೊದಲಿದ್ದ 16 ಆಂಪಿಯರ್ ಎಂದರೆ 3680; ಎತ್ತಿನ ಜೋಡಿ ಎಳೆಯುವ ಹೊರೆಯನ್ನು ಕರುವಿನ ಹೆಗಲಿಗೆ ಕಟ್ಟಿದ ಹಾಗೆ. ನೀಲಗಿರಿಯ ಓದುಗರು ಇನ್ನೂ ತಗ್ಗಿಸಬೇಕು. ಎತ್ತರದಲ್ಲಿ ಗಾಳಿ ತೆಳು. ಪ್ರತಿ 1000 ಮೀಟರಿಗೆ ಇಂಜಿನಿನ ಬಲ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ.

ಏಳೂವರೆ ಆಂಪಿಯರೆಂದರೆ ಹೆಚ್ಚುಕಡಿಮೆ 1725 ವಾಟ್. ಮನೆಗೆ 350 ಹೋದರೆ 1375 ಉಳಿಯಿತು. ತುಂಬುವಾಗಿನ ನಷ್ಟ ಕಳೆದು ಬ್ಯಾಟರಿಗೆ 1200ರಷ್ಟು ಸೇರುತ್ತದೆ. 48 ವೋಲ್ಟಿನ, 200 ಆಂಪಿಯರ್ ಗಂಟೆಯ ಬ್ಯಾಟರಿಯ ಅರ್ಧವೆಂದರೆ 4800 ವಾಟ್ ಗಂಟೆ; ನಾಲ್ಕು ಗಂಟೆಗೆ ಮೇಲೆ ಬೇಕು. ಮನೆಯಾಕೆ 750 ವಾಟಿನ ಮಿಕ್ಸಿ ತಿರುಗಿಸಿದರೆ ಇನ್ವರ್ಟರು ಅಷ್ಟನ್ನು ಬ್ಯಾಟರಿಯ ಪಾಲಿನಿಂದ ಕಡಿಮೆ ಮಾಡಿ, ಮಿಕ್ಸಿ ನಿಂತೊಡನೆ ಮತ್ತೆ ಕೊಡುತ್ತದೆ. ಜನರೇಟರಿಗೆ ಇದರ ಅರಿವೇ ಇಲ್ಲ. ಒಂದೇ ದನಿಯಲ್ಲಿ ಓಡುತ್ತದೆ.

ಇಲ್ಲಿ ಒಂದು ಗೊಂದಲ ಬೇಡ. ಬ್ಯಾಟರಿ ತುಂಬುವ ಕರೆಂಟಿನ ಮಿತಿ ಬೇರೆ, ಹೊರಗಿನಿಂದ ಎಳೆಯುವ ಕರೆಂಟಿನ ಮಿತಿ ಬೇರೆ. ಮೊದಲನೆಯದು ಬ್ಯಾಟರಿಯ ಪಾಲನ್ನಷ್ಟೇ ಕಟ್ಟುತ್ತದೆ. ಎರಡನೆಯದು ಮನೆ, ಬ್ಯಾಟರಿ ಎರಡನ್ನೂ ಕೂಡಿಸಿ ನೋಡುತ್ತದೆ. ಕಡಿಮೆ ಬೆಲೆಯ ಎಷ್ಟೋ ಇನ್ವರ್ಟರುಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ. ಹಾಗಿದ್ದರೆ ಮನೆಯ ಹೊರೆಯನ್ನು ನಾವೇ ಕಳೆದು ತುಂಬುವ ಅಂಕಿಯನ್ನು ತಗ್ಗಿಸಿಡಬೇಕು.

ಮನೆಯ ಹೊರೆಯೊಂದೇ ಮಿತಿಯನ್ನು ಮೀರಿದರೆ? ಕೆಲವು ಇನ್ವರ್ಟರುಗಳು ಕೊರತೆಯಾದುದನ್ನು ಬ್ಯಾಟರಿಯಿಂದ ತೆಗೆದು ಸೇರಿಸಿಕೊಡುತ್ತವೆ. ಸುರಂಗದ ನೀರು ಸಾಲದಾಗ ಕೆರೆಯಿಂದಲೂ ಮೊಗೆದಂತೆ. ನೆದರ್‌ಲ್ಯಾಂಡ್ಸಿನ ವಿಕ್ಟ್ರಾನ್ ಸಂಸ್ಥೆಯವರು ಇದನ್ನು ಪವರ್ ಅಸಿಸ್ಟ್ ಎಂದು ಕರೆಯುತ್ತಾರೆ. ಈ ಗುಣವಿಲ್ಲದ ಇನ್ವರ್ಟರಿನಲ್ಲಿ ಮಿತಿ ಹಾಕಿದರೂ ಮನೆಯ ಹೊರೆ ಪೂರ್ತಿ ಜನರೇಟರಿನ ಮೇಲೆಯೇ ಬೀಳುತ್ತದೆ. ಒಂದು ಕುದುರೆ ಬಲದ ಪಂಪು ಓಡುವಾಗ ಸಾಧುವಾದರೂ, ಹೊರಡುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಅದಕ್ಕೆ ಜನರೇಟರು ಓಡುತ್ತಿರುವಾಗ ಪಂಪು ಹಾಕಬೇಡಿ.

ಪೆಟ್ರೋಲಿನ ಬಗ್ಗೆ ಒಂದು ಮಾತು. ಸೀಸದ ಬ್ಯಾಟರಿ ನೂರರಲ್ಲಿ ಎಂಬತ್ತು ತುಂಬಿದ ಮೇಲೆ ನಿಧಾನವಾಗಿ ಹೀರುತ್ತದೆ. ಆಗ ಜನರೇಟರು ಹೆಚ್ಚಿನ ಕೆಲಸವಿಲ್ಲದೆ ಎಣ್ಣೆ ಕುಡಿಯುತ್ತದೆ. ಬೆಳಿಗ್ಗೆಯೇ ಹೂಡಿ, ಎಂಬತ್ತಕ್ಕೆ ನಿಲ್ಲಿಸಿ, ಉಳಿದುದನ್ನು ಮೋಡದೆಡೆಯ ಬಿಸಿಲಿಗೆ ಬಿಡುವುದು ನನ್ನ ಪದ್ಧತಿ. ಮಳೆ ಬಿಟ್ಟೊಡನೆ ಒಮ್ಮೆ ಪೂರ್ತಿ ತುಂಬಿಸಲು ಮರೆಯುವುದಿಲ್ಲ. ಜನರೇಟರನ್ನು ಜಗಲಿಯಲ್ಲೂ ಕೊಟ್ಟಿಗೆಯಲ್ಲೂ ಇಡಬೇಡಿ, ಅದರ ಹೊಗೆ ಪ್ರಾಣ ತೆಗೆಯುವಂಥಾದ್ದು. ದೂರದಲ್ಲಿ ಒಂದು ತಗಡಿನ ಮಾಡು ಸಾಕು.

ನೆರೆಮನೆಯಿಂದ ಬೇರೆ ಜನರೇಟರು ತಂದರೆ ಅಂಕಿಯನ್ನೂ ಬದಲಿಸಬೇಕು. ನಾನು ಇನ್ವರ್ಟರಿನ ಪಕ್ಕದ ಗೋಡೆಗೆ ಒಂದು ರಟ್ಟು ಅಂಟಿಸಿ, ನಮ್ಮದಕ್ಕೆ ಏಳೂವರೆ, ಭಾವನವರದಕ್ಕೆ ಹನ್ನೆರಡು ಎಂದು ಬರೆದಿಟ್ಟಿದ್ದೇನೆ.