ಜಾಲತಾಣದ ಚಾವಡಿ

ಉದ್ಯೋಗಗಳಲ್ಲಿ ಕೆಲವು ಕಣ್ಣಿಗೆ ಕಾಣತಕ್ಕವು, ಕೆಲವು ಕಾಣದಿರತಕ್ಕವು. ಅಡಿಕೆ ಮರ ಹತ್ತುವವನ ಶ್ರಮ ನಮಗೆ ಕಾಣುತ್ತದೆ. ಘಾಟಿಯಲ್ಲಿ ಬಸ್ಸು ನಡೆಸುವವನ ಶ್ರಮವೂ ಕಾಣುತ್ತದೆ. ಆದರೆ ಮೊಬೈಲಿನಲ್ಲಿ ಒಂದು ಗುಂಡಿಯನ್ನು ಒತ್ತಿದೊಡನೆ ಪಹಣಿಯೋ ಪರೀಕ್ಷೆಯ ಫಲಿತಾಂಶವೋ ಕಣ್ಣೆದುರು ಬರುವಾಗ, ಆ ಗುಂಡಿಯನ್ನು ಅಲ್ಲಿ ಇರಿಸಿದವರು ಯಾರೆಂದು ಯೋಚಿಸುವವರು ವಿರಳ. ಅದನ್ನೇ ವೃತ್ತಿಯಾಗಿ ಉಳ್ಳವರನ್ನು ಫ್ರಂಟ್‌ಎಂಡ್ ಡೆವಲಪರ್ ಎಂದು ಕರೆಯುತ್ತಾರೆ. ಕಲಾ ವಿಭಾಗದ ನಮ್ಮಂಥವರಿಗೂ ಆ ವೃತ್ತಿಯಲ್ಲಿ ಸ್ಥಾನವುಂಟೆ, ಉಂಟಾದರೆ ಅದಕ್ಕೆ ಬೇಕಾದ ಸಿದ್ಧತೆಯೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಭತ್ತ ತುಂಬುವ ಪತ್ತಾಯ ಒಳಗಿರುತ್ತದೆ. ಬಂದವರನ್ನು ಕುಳ್ಳಿರಿಸುವ ಚಾವಡಿ ಎದುರಿಗಿರುತ್ತದೆ. ಜಾಲತಾಣದ ರಚನೆಯೂ ಹೀಗೆಯೇ. ದಾಖಲೆಗಳೆಲ್ಲವೂ ದೂರದ ಸರ್ವರ್ ಎಂಬ ಯಂತ್ರದಲ್ಲಿರುತ್ತವೆ, ಅದು ಪತ್ತಾಯ. ನಾವು ಓದುವ, ಒತ್ತುವ, ಬರೆಯುವ ಪುಟವೇ ಚಾವಡಿ. ಪತ್ತಾಯ ಎಷ್ಟು ತುಂಬಿದ್ದರೇನು, ಚಾವಡಿಯ ಮೆಟ್ಟಿಲು ಹತ್ತಲಾಗದಿದ್ದರೆ ಬಂದವನು ಬರಿಗೈಯಲ್ಲಿ ಹಿಂದಿರುಗಬೇಕಾದೀತು.

ಈ ವಿದ್ಯೆಯ ಚರಿತ್ರೆ ದೀರ್ಘವಾದುದೇನೂ ಅಲ್ಲ. ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್‌ಲೀ ಅವರು 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಇದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಸಾರಿತು. ಪುಟದಲ್ಲಿ ಯಾವುದು ಶೀರ್ಷಿಕೆ, ಯಾವುದು ಪರಿಚ್ಛೇದ ಎಂದು ಹೇಳುವುದು ಎಚ್‌ಟಿಎಂಎಲ್. ಮನೆಯ ಗೋಡೆ ಮಾಡು ಇದ್ದಂತೆ. ಬಣ್ಣ, ಅಳತೆ, ಅಂದಗಳನ್ನು ಕೊಡುವುದು ಸಿಎಸ್‌ಎಸ್. ಇದನ್ನು 1994ರಲ್ಲಿ ಸೂಚಿಸಿದವರು ಹಾಕೋನ್ ವಿಯುಮ್ ಲೀ. ಒತ್ತಿದರೆ ತೆರೆಯುವ, ಕೇಳಿದರೆ ಉತ್ತರಿಸುವ ಚಲನೆಯನ್ನು ಕೊಡುವುದು ಜಾವಾಸ್ಕ್ರಿಪ್ಟ್. ಇದರ ಮೊದಲ ರೂಪವನ್ನು 1995ರಲ್ಲಿ ಬ್ರೆಂಡನ್ ಐಕ್ ಅವರು 10 ದಿನಗಳಲ್ಲಿ ರಚಿಸಿದರು. ಮೊದಲು ಒಂದೊಂದು ಒತ್ತಿಗೂ ಪುಟವೇ ಹೊಸದಾಗಿ ದೂರದಿಂದ ಬರಬೇಕಾಗಿತ್ತು. ಈಗಿನ ಅನೇಕ ಪುಟಗಳಲ್ಲಿ ಬೇಕಾದ ಭಾಗ ಮಾತ್ರ ಬದಲಾಗುತ್ತದೆ. ಇದನ್ನು ಸುಲಭಗೊಳಿಸಲು 2013ರಲ್ಲಿ ರಿಯಾಕ್ಟ್, 2014ರಲ್ಲಿ ವ್ಯೂ ಮುಂತಾದ ಸಲಕರಣೆಗಳು ಬಂದವು. ಸಲಕರಣೆಗಳು ಬದಲಾಗುತ್ತಲೇ ಇರುತ್ತವೆ. ಮೇಲೆ ಹೇಳಿದ ಮೂರು ತಳಹದಿಗಳು ಮಾತ್ರ ನಿಂತಿವೆ. ಆದುದರಿಂದ ತಳಹದಿಯನ್ನು ಬಿಟ್ಟು ಸಲಕರಣೆಯನ್ನು ಮಾತ್ರ ಕಲಿಯುವುದು ಪಂಚಾಂಗವಿಲ್ಲದೆ ಗೋಡೆ ಎಬ್ಬಿಸಿದಂತೆಯೇ ಸರಿ.

ಇನ್ನು ಕನ್ನಡದ ವಿಷಯ. ಕನ್ನಡದ ಮೊದಲ ಜಾಲತಾಣವೆಂದು ಹೆಸರಾದ ‘ವಿಶ್ವಕನ್ನಡ’ವನ್ನು 1996ರಲ್ಲಿ ಡಾ. ಯು. ಬಿ. ಪವನಜ ಅವರು ಆರಂಭಿಸಿದರು. ಆ ಕಾಲದಲ್ಲಿ ಒಬ್ಬೊಬ್ಬರ ಅಕ್ಷರಶೈಲಿ ಒಂದೊಂದು ತೆರನಾಗಿದ್ದು, ಒಬ್ಬರು ಬರೆದ ಕನ್ನಡ ಮತ್ತೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿದ್ದುದುಂಟು. ಯೂನಿಕೋಡ್ ಎಂಬ ಲೋಕಸಾಮಾನ್ಯ ಕ್ರಮವು ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಪಡಿಸಿ ಈ ತೊಡಕನ್ನು ನೀಗಿತು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನವಿತ್ತು. ಉಚ್ಚರಿಸುವ ಕ್ರಮದಲ್ಲಿಯೇ ಕನ್ನಡವನ್ನು ಒತ್ತುವ ಕೀಲಿಮಣೆಯನ್ನು ರೂಪಿಸಿದ ಕೆ. ಪಿ. ರಾವ್ ಅವರು ನಮ್ಮ ಜಿಲ್ಲೆಯ ಕಿನ್ನಿಕಂಬಳದವರು ಎಂಬುದು ನಮಗೆಲ್ಲ ಹೆಮ್ಮೆಯ ಸಂಗತಿ.

ಇಷ್ಟರಿಂದಲೇ ಎಲ್ಲವೂ ಸರಿಹೋಯಿತೆ? ಇಲ್ಲ. ನನ್ನ ಊರಿನ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ‘ಜಾಲ್ಸೂರು’ ಎಂಬಲ್ಲಿ ನಮ್ಮ ಕಣ್ಣಿಗೆ ಕಾಣುವುದು 3 ಅಕ್ಷರಗಳು: ಜಾ, ಲ್ಸೂ, ರು. ಯಂತ್ರದ ಲೆಕ್ಕದಲ್ಲಿಯಾದರೋ ಅವು 8; ಹೇಗೆಂದರೆ ವ್ಯಂಜನ, ಸ್ವರಚಿಹ್ನೆ, ವಿರಾಮ ಇವೆಲ್ಲಕ್ಕೂ ಬೇರೆಬೇರೆ ಸಂಖ್ಯೆ. ಇದನ್ನು ತಿಳಿಯದವನು ಹೆಸರನ್ನು 5ಕ್ಕೆ ಕತ್ತರಿಸಿದರೆ ‘ಜಾಲ್ಸ’ ಎಂದು ಉಳಿಯುತ್ತದೆ. ಅಂಥ ಊರು ಯಾವ ಭೂಪಟದಲ್ಲಿಯೂ ಇಲ್ಲ! ಹಾಗೆಯೇ ಇಂಗ್ಲಿಷಿನ ಅಳತೆಗೆ ಸಾಲುಗಳ ಅಂತರವನ್ನು ಇರಿಸಿದರೆ ಮೇಲಿನ ಸಾಲಿನ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪುಟದ ಭಾರವನ್ನು ಮಿತಿಮೀರಿ ಹೆಚ್ಚಿಸಿದರೆ, ಸಿಗ್ನಲ್ ಬಂದುಹೋಗುವ ನಮ್ಮ ಗುಡ್ಡಗಾಡಿನಲ್ಲಿ ಅದು ತೆರೆಯುವುದೇ ಇಲ್ಲ.

ಸ್ವಂತ ಅನುಭವವೊಂದನ್ನು ಹೇಳಿದರೆ ವಾಚಕರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದುದು ನಾನೇ ಮೊದಲು. ತಾಯಿ ಬೀಡಿ ಕಟ್ಟಿ ನನ್ನನ್ನು ಓದಿಸುತ್ತಿದ್ದಾರೆ. ಒಮ್ಮೆ ಸಹಾಯಧನದ ಅರ್ಜಿಯೊಂದರಲ್ಲಿ ತಾಯಿಯ ‘ಕೊನೆಯ ಹೆಸರು’ ಕಡ್ಡಾಯವೆಂದಿತ್ತು. ಅವರಿಗಿರುವುದು ಒಂದೇ ಹೆಸರು. ಆ ಸ್ಥಳವನ್ನು ಖಾಲಿ ಬಿಟ್ಟರೆ ಕೆಂಪಕ್ಷರದಲ್ಲಿ ಇಂಗ್ಲಿಷ್ ಎಚ್ಚರಿಕೆ. ಪುಟ ಮುಂದೆ ಹೋಗದು. ಅಂಗಡಿಯವರು ಹೇಳಿದಂತೆ ಅದೇ ಹೆಸರನ್ನು ಎರಡು ಬಾರಿ ಬರೆದುದಾಯಿತು. ಅದು ಬ್ಯಾಂಕಿನ ಪುಸ್ತಕದ ಹೆಸರಿಗೆ ತಾಳೆಯಾಗಲಿಲ್ಲ. ಅದನ್ನು ಸರಿಪಡಿಸಲು ತಾಯಿ 3 ದಿನದ ಬೀಡಿ ಕೆಲಸವನ್ನು ಬಿಟ್ಟು ಅಲೆಯಬೇಕಾಯಿತು. “ನನ್ನ ಹೆಸರಿನಲ್ಲಿ ಏನು ತಪ್ಪಿದೆ ಮಗಾ?” ಎಂದು ಅವರು ಕೇಳಿದರು. ತಪ್ಪು ಹೆಸರಿನಲ್ಲಿರಲಿಲ್ಲ. ಆ ಪುಟವನ್ನು ಕಟ್ಟಿದವರು ದುಷ್ಟರೆಂದೂ ನಾನು ಹೇಳಲಾರೆ; ಅವರಿಗೆ ನಮ್ಮಂಥವರ ಪರಿಚಯವಿರಲಿಲ್ಲ, ಅಷ್ಟೆ.

ಮಿತ್ರರೆ, ಕಲಾ ವಿದ್ಯಾರ್ಥಿಯ ಸ್ಥಾನ ಇಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಕನ್ನಡ, ತುಳು, ಅರೆಭಾಷೆ, ಮಲಯಾಳಗಳು ಒಂದೇ ಸಂತೆಯಲ್ಲಿ ಕೇಳಿಬರುವ ಊರಿನಲ್ಲಿ ಬೆಳೆದವರು ನಾವು. ಜನರು ಹೇಗೆ ಓದುತ್ತಾರೆ, ಎಲ್ಲಿ ಅಂಜುತ್ತಾರೆ, ತಮ್ಮ ಹೆಸರನ್ನು ಹೇಗೆ ಬರೆಯುತ್ತಾರೆ ಎಂಬ ಜ್ಞಾನವು ಈ ವೃತ್ತಿಗೆ ಗಣಿತದಷ್ಟೇ ಅವಶ್ಯ. ಈಗಂತೂ ಕೃತಕ ಬುದ್ಧಿಮತ್ತೆಯ ಸಾಧನಗಳು ಸಂಕೇತಗಳನ್ನು ತಾವೇ ಬರೆದುಕೊಡುತ್ತಿವೆ. ಅವು ಬರೆದುದು ಸರಿಯೋ ತಪ್ಪೋ, ಯಾರಿಗೆ ಅನುಕೂಲ, ಯಾರಿಗೆ ತೊಡಕು ಎಂದು ವಿವೇಚಿಸುವವರು ಬೇಕೇ ಬೇಕು.

ಹಾಗೆಂದು ಇದು ಸುಲಭದ ಹಾದಿಯೆಂದು ಯಾರೂ ಭ್ರಮಿಸಬಾರದು. ಪದವಿಪತ್ರವೊಂದರಿಂದಲೇ ಕೆಲಸ ಸಿಗುವುದಿಲ್ಲ. ಕೆಲವೇ ವಾರಗಳಲ್ಲಿ ಕಲಿಸಿ ನೌಕರಿ ಕೊಡಿಸುತ್ತೇವೆಂಬ ಜಾಹೀರಾತುಗಳಿಗೆ ಹಣ ಸುರಿಯುವುದೂ ವಿವೇಕವಲ್ಲ. ಕಲಿಯುವ ಸಾಮಗ್ರಿ ಅಂತರಜಾಲದಲ್ಲಿ ಉಚಿತವಾಗಿಯೇ ದೊರೆಯುತ್ತದೆ. ಆದರೆ ಅದರಲ್ಲಿ ಬಹುಪಾಲು ಇಂಗ್ಲಿಷಿನಲ್ಲಿದೆ. ಆದಕಾರಣ ಇಂಗ್ಲಿಷನ್ನು ಓದಿ ತಿಳಿಯುವಷ್ಟಾದರೂ ಕಲಿಯಲೇಬೇಕು. ಕಾಲೇಜಿನ ಗಣಕಯಂತ್ರದಲ್ಲಿ ದಿನಕ್ಕೊಂದು ಗಂಟೆ ಅಭ್ಯಾಸ ಮಾಡಿ, ನಮ್ಮ ಗ್ರಂಥಾಲಯದ ಪುಸ್ತಕಗಳ ಪಟ್ಟಿಯನ್ನೋ ಊರಿನ ಬಸ್ಸುಗಳ ವೇಳೆಯನ್ನೋ ತೋರಿಸುವ ಚಿಕ್ಕ ಪುಟವೊಂದನ್ನು ಮೊದಲು ಕಟ್ಟಬೇಕು. ಕಟ್ಟಿದ ಮೇಲೆ ಅದನ್ನು ತಾಯಿಯ ಕೈಗೋ ಅಜ್ಜನ ಕೈಗೋ ಕೊಟ್ಟು, ಏನನ್ನೂ ಹೇಳಿಕೊಡದೆ, ಅವರ ಬೆರಳು ಎಲ್ಲಿ ನಿಲ್ಲುತ್ತದೆಯೆಂದು ನೋಡಬೇಕು. ಅದಕ್ಕಿಂತ ಕಟ್ಟುನಿಟ್ಟಾದ ಪರೀಕ್ಷಕರು ಯಾವ ವಿಶ್ವವಿದ್ಯಾನಿಲಯದಲ್ಲಿಯೂ ಸಿಗಲಾರರು.

“ಮನೆ ಕಟ್ಟಿ ನೋಡು” ಎಂದು ಹಿರಿಯರು ಹೇಳಿದ್ದಾರೆ. ಇಂದಿನ ಮನೆಗಳಲ್ಲಿ ಇದೂ ಒಂದು. ಇದರ ಚಾವಡಿಯನ್ನು ಕಟ್ಟುವವರಲ್ಲಿ ನಮ್ಮವರೂ ಇದ್ದರೆ, ಅದರ ಮೆಟ್ಟಿಲುಗಳು ನಮ್ಮ ತಾಯಂದಿರೂ ಹತ್ತಬಲ್ಲಷ್ಟು ತಗ್ಗಾಗಿರುವುವು.