ಹವಳ ಬೇಡ, ಮೊದಲು ನೀರು ಹದಕ್ಕೆ ಬರಲಿ

ಪ್ರಶ್ನೆ: ನಮ್ಮ ಮನೆ ಹರಿಹರದಲ್ಲಿ, ಅಂಗಡಿ ದಾವಣಗೆರೆಯಲ್ಲಿ. ಒಂಬತ್ತನೇ ತರಗತಿಯ ಮಗಳ ಆಸೆಗೆಂದು ಮಾರ್ಚ್‌ನಲ್ಲಿ ಮೂರಡಿಯ ಸಮುದ್ರ ನೀರಿನ ಅಕ್ವೇರಿಯಂ ತಂದೆ. ಉಪ್ಪು ಕಲಸಿದ ಮರುದಿನವೇ ಐದು ಮೀನು ಬಿಟ್ಟೆವು. ವಾರದೊಳಗೆ ಐದೂ ಸತ್ತವು. ತಾನು ಆಹಾರ ಹಾಕಿದ್ದರಿಂದಲೇ ಹೀಗಾಯಿತೆಂದು ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ. ‘ಹೊಳಿ ದಂಡ್ಯಾಗ ಇದ್ದೋರಿಗೆ ಸಮುದ್ರದ ಮೀನು ಯಾಕ ಬೇಕಿತ್ತು? ಆ ಪಾಪ ನಮಗ್ಯಾಕ, ಮಾರಿಬಿಡು’ ಅಂತಾರೆ ಅವ್ವ. ಮೀನು ಮಾರಿದವರು ‘ಜೀವಂತ ಹವಳ ತರಿಸಿಕೊಡ್ತೀನಿ, ಇಟ್ಟರೆ ನೀರು ತಾನೇ ಸರಿಹೋಗುತ್ತೆ’ ಎಂದು ಮುಂಗಡ ತಗೊಂಡಿದ್ದಾರೆ. ಏನು ಮಾಡಲಿ ಮೇಡಂ?
— ಹೆಸರು ಬೇಡ, ಹರಿಹರ

ಉತ್ತರ: ಮೊದಲು ಮಗಳ ವಿಷಯ. ನೀವು ಬರೆದದ್ದನ್ನು ನೋಡಿದರೆ ಮೀನು ಸತ್ತದ್ದು ಅವಳ ಕೈಯಿಂದಲ್ಲ, ದೊಡ್ಡವರ ಅವಸರದಿಂದ. ಇವತ್ತು ರಾತ್ರಿಯೇ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ಇದನ್ನು ಹೇಳಿ. ಕಾರಣವನ್ನೂ ಬಿಡಿಸಿ ಹೇಳಿ, ಏಕೆಂದರೆ ಆ ವಯಸ್ಸಿನವರಿಗೆ ಬರೀ ಸಮಾಧಾನದ ಮಾತು ಸಾಲುವುದಿಲ್ಲ.

ಕಾರಣ ಇದು: ಮೀನಿನ ಕಿವಿರಿನಿಂದ, ಉಳಿದ ಆಹಾರದಿಂದ ನೀರಿಗೆ ಅಮೋನಿಯ ಸೇರುತ್ತಲೇ ಇರುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಎರಡೂ ಬಗೆಯ ಬ್ಯಾಕ್ಟೀರಿಯಾ ಇರುವುದಿಲ್ಲ. ಹಾಲಿಗೆ ಹೆಪ್ಪು ಹಾಕದೆ ಮೊಸರು ಕಾಯ್ದರೆ ಹೇಗೋ ಹಾಗೆ. ಅವು ಕಲ್ಲಿನ ಮೇಲೆ, ಮರಳಿನಲ್ಲಿ ಬೇರೂರಲು ಸಾಮಾನ್ಯವಾಗಿ ೪ರಿಂದ ೬ ವಾರ ಬೇಕು. ನಿಮ್ಮ ಮೀನುಗಳಿಗೆ ಒಂದೇ ದಿನ ಸಿಕ್ಕಿತ್ತು.

ಆದ್ದರಿಂದ ಟ್ಯಾಂಕ್ ಮಾರಬೇಡಿ, ಹೊಸ ಮೀನನ್ನೂ ತರಬೇಡಿ. ಪಂಪು, ಫಿಲ್ಟರು ಓಡುತ್ತಿರಲಿ. ಒಂದು ಹಸಿ ಸೀಗಡಿ ತುಂಡು ಹಾಕಿಡಿ, ಅದು ಕೊಳೆತು ಬರುವ ಅಮೋನಿಯವೇ ಬ್ಯಾಕ್ಟೀರಿಯಾಕ್ಕೆ ಆಹಾರ. ಅಮೋನಿಯ, ನೈಟ್ರೈಟ್, ನೈಟ್ರೇಟ್ ಮೂರರ ಟೆಸ್ಟ್ ಕಿಟ್ ತಂದು ಮಗಳ ಕೈಗೆ ಕೊಡಿ. ಎರಡು ದಿನಕ್ಕೊಮ್ಮೆ ಪರೀಕ್ಷಿಸಿ ನೋಟ್‌ಬುಕ್ಕಿನಲ್ಲಿ ಬರೆಯಲಿ. ಅಮೋನಿಯ ಏರಿ ಇಳಿಯುವುದನ್ನು, ಅದರ ಹಿಂದೆ ನೈಟ್ರೈಟ್ ಏರಿ ಇಳಿಯುವುದನ್ನು ಅವಳೇ ಕಾಣಬೇಕು. ಎರಡೂ ಸೊನ್ನೆಗೆ ಬಂದು ನಿಂತ ಮೇಲೇ ಮೀನಿನ ಮಾತು. ಅವಳ ತಪ್ಪಿತಸ್ಥ ಭಾವಕ್ಕೆ ಇದಕ್ಕಿಂತ ಒಳ್ಳೆಯ ಮದ್ದು ನನಗೆ ತೋಚುತ್ತಿಲ್ಲ.

ಇನ್ನು ಹವಳ. ಇಲ್ಲಿ ನಾನು ಖಡಾಖಂಡಿತವಾಗಿ ಹೇಳುತ್ತೇನೆ: ಬೇಡ. ಹವಳ ನೀರನ್ನು ಸರಿಮಾಡುವುದಿಲ್ಲ, ಸರಿಯಾದ ನೀರಿಲ್ಲದಿದ್ದರೆ ಮೀನಿಗಿಂತ ಮೊದಲು ಸಾಯುವುದು ಅದೇ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ ೨೦೦೧ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ಕಡಲ ಬೀಸಣಿಗೆ, ಕಡಲಕುದುರೆಗಳೂ ಅದರಲ್ಲಿವೆ. ನಮ್ಮ ಸಮುದ್ರದಿಂದ ಕಿತ್ತ ಹವಳ ಮಾರುವುದು, ಇಟ್ಟುಕೊಳ್ಳುವುದು ೩ರಿಂದ ೭ ವರ್ಷ ಜೈಲಿಗೆ ದಾರಿ. ‘ಲೈವ್ ರಾಕ್’ ಎಂದು ಕೊಡುವ ಕಲ್ಲೂ ಬಹಳ ಸಲ ಸತ್ತ ಹವಳದ ದಿಬ್ಬದ್ದೇ ಆಗಿರುತ್ತದೆ. ಸೆರಾಮಿಕ್ ಅಥವಾ ಸಿಮೆಂಟಿನಲ್ಲಿ ತಯಾರಿಸಿದ ಕಲ್ಲು ಸಿಗುತ್ತದೆ, ಬ್ಯಾಕ್ಟೀರಿಯಾಕ್ಕೆ ಅಷ್ಟು ಸಾಕು. ಕೆಲವು ಮೃದು ಹವಳಗಳು ಈ ಅನುಸೂಚಿಯಲ್ಲಿಲ್ಲ ಎಂಬುದು ನಿಜ. ಒಂದು ವರ್ಷ ಮೀನು ಚೆನ್ನಾಗಿ ಬಾಳಿದ ಮೇಲೆ, ಆಮದಿನ ಕಾಗದಪತ್ರ ತೋರಿಸುವವರು ಸಿಕ್ಕರೆ ಆಗ ಯೋಚಿಸಿ. ಮಗಳಿಗೆ ಹವಳ ನೋಡುವ ಆಸೆಯಿದ್ದರೆ ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪವಿದೆ. ಅಲ್ಲಿ ಹವಳ ಅದರ ಮನೆಯಲ್ಲೇ ಇದೆ.

ನೀರಿನ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ನಮ್ಮ ಕಡೆ ಸೋಲುವುದು ಅಲ್ಲೇ. ನಲ್ಲಿಯಲ್ಲಿ ಬರುವ ತುಂಗಭದ್ರೆಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರು ಗಡಸು. ಮನೆಯ ಆರ್‌ಒ ಯಂತ್ರಗಳೂ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ನೀರಿನ ಘಟಕಗಳೂ ರುಚಿಗೆಂದು ಒಂದಿಷ್ಟು ಲವಣ ಉಳಿಸಿಯೇ ಕೊಡುವುದುಂಟು. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ, ಸೊನ್ನೆಯ ಹತ್ತಿರವಿರಬೇಕು. ಇಲ್ಲದಿದ್ದರೆ ಆರ್‌ಒ ನೀರನ್ನು ಉಳಿದ ಲವಣವನ್ನೂ ತೆಗೆಯುವ ಡಿಐ ಕಾರ್ಟ್ರಿಜ್ ಮೂಲಕ ಹಾಯಿಸಿ. ಅಡುಗೆ ಉಪ್ಪು ಖಂಡಿತ ಆಗುವುದಿಲ್ಲ. ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇದೆ, ಅದಕ್ಕೆಂದೇ ತಯಾರಾದ ಮರೈನ್ ಸಾಲ್ಟ್ ಬೇಕು. ಲೀಟರಿಗೆ ಸುಮಾರು ೩೫ ಗ್ರಾಂ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ ೧.೦೨೫ ತೋರಿಸಬೇಕು. ನಿಮ್ಮ ಟ್ಯಾಂಕ್ ೧೫೦ ಲೀಟರಿನದೆಂದು ಹಿಡಿದರೆ ವಾರಕ್ಕೆ ೧೫ ಲೀಟರ್ ಬದಲಿಸಬೇಕು, ಅಂದರೆ ಅರ್ಧ ಕಿಲೋ ಉಪ್ಪು. ಈ ಖರ್ಚು ಪ್ರತಿ ವಾರದ್ದು. ತೆಗೆದ ನೀರನ್ನು ಗಿಡಕ್ಕೆ ಹಾಕಬೇಡಿ.

ಆವಿಯಾಗಿ ಕಡಿಮೆಯಾದ ನೀರಿಗೆ ಮಾತ್ರ ಉಪ್ಪು ಬೆರೆಸದ ಶುದ್ಧ ನೀರನ್ನೇ ತುಂಬಿ. ಉಪ್ಪು ಆವಿಯಾಗುವುದಿಲ್ಲ. ಉಪ್ಪುನೀರು ತುಂಬುತ್ತ ಹೋದರೆ ದಿನದಿನಕ್ಕೆ ಉಪ್ಪು ಹೆಚ್ಚಾಗಿ ಮೀನು ಬಳಲುತ್ತದೆ.

ಏಪ್ರಿಲ್, ಮೇ ನಮ್ಮೂರಿಗೆ ಕಷ್ಟದ ಕಾಲ. ಮೀನಿಗೆ ೨೫ರಿಂದ ೨೭ ಡಿಗ್ರಿ ಹಿತ. ೩೦ ದಾಟಿ ಕೆಲವು ದಿನ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಬೇಡವೆಂದದ್ದಕ್ಕೆ ಇದೂ ಒಂದು ಕಾರಣ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಫ್ಯಾನ್ ಬೀಸಲು ಬಿಟ್ಟರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಕರೆಂಟ್ ಹೋದಾಗ ಬಿಸಿ ನೀರಿನಲ್ಲಿ ಆಮ್ಲಜನಕ ಬೇಗ ತೀರುತ್ತದೆ. ಮನೆಯ ಇನ್ವರ್ಟರಿಗೆ ಟಿವಿಗಿಂತ ಮೊದಲು ಈ ಪಂಪನ್ನು ಸೇರಿಸಿ. ನನ್ನನ್ನು ಕೇಳಿದರೆ ಮೀನು ತರುವುದು ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ.

ಆಗಲೂ ಐದು ಬೇಡ, ಎರಡು ಕ್ಲೌನ್ ಮೀನು ಸಾಕು. ಇವನ್ನು ಹ್ಯಾಚರಿಯಲ್ಲೇ ಮರಿ ಮಾಡಿಸಲು ಬರುತ್ತದೆ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ಆ ವಿಧಾನ ರೂಪಿಸಿದೆ. ಅದರ ಕೇಂದ್ರಗಳು ಮಂಗಳೂರು, ಕಾರವಾರದಲ್ಲೂ ಇವೆ. ಕಡಲಿನಿಂದ ಹಿಡಿದದ್ದೋ ಹ್ಯಾಚರಿಯದೋ ಎಂದು ಕೇಳಿಯೇ ಕೊಳ್ಳಿ.

ನಿಮ್ಮ ಅವ್ವನ ಮಾತನ್ನು ತಳ್ಳಿಹಾಕಬೇಡಿ. ಗೊತ್ತಿಲ್ಲದೆ ಜೀವ ತಂದು ಸಾಯಿಸುವುದು ತಪ್ಪು ಎಂದು ಅವರು ಹೇಳುತ್ತಿರುವುದು ಸರಿಯೇ. ‘ನೀರು ಸರಿಯಾಗುವವರೆಗೆ ಒಂದೂ ಮೀನು ತರೋದಿಲ್ಲ ಅವ್ವಾ’ ಎಂದು ಮಾತು ಕೊಡಿ, ನಡೆದುಕೊಳ್ಳಿ. ಕ್ಲೌನ್ ಮೀನು ಹತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು, ಮಗಳು ಓದಲು ಬೇರೆ ಊರಿಗೆ ಹೋದ ಮೇಲೂ ವಾರವಾರ ಬಕೆಟ್ ಹೊರಬೇಕಾದವರು ನೀವು. ಅಷ್ಟಕ್ಕೆ ಮನಸ್ಸಿಲ್ಲದಿದ್ದರೆ ಅದೇ ಟ್ಯಾಂಕನ್ನು ತೊಳೆದು ಸಿಹಿನೀರಿನ ಗಪ್ಪಿ, ಜಲಸಸ್ಯಗಳಿಗೆ ಬಿಟ್ಟುಕೊಡಿ. ಅದು ಸೋಲಲ್ಲ.

ಹವಳಕ್ಕೆ ಕೊಟ್ಟ ಮುಂಗಡವನ್ನು ಮಾತ್ರ ನಾಳೆಯೇ ಹೋಗಿ ವಾಪಸ್ ಕೇಳಿ.