ಪ್ರಜಾಪ್ರಭುತ್ವದ ರಫ್ತು ಮತ್ತು ಚಿಕ್ಕಮಗಳೂರಿನ ಮತಪೆಟ್ಟಿಗೆ

ಬಲಿಷ್ಠ ರಾಷ್ಟ್ರವೊಂದು ಪರದೇಶದಲ್ಲಿ ಪ್ರಜಾಪ್ರಭುತ್ವವನ್ನು ನೆಲೆಗೊಳಿಸಬಲ್ಲದೇ ಎಂಬ ಪ್ರಶ್ನೆಗೆ ನಮ್ಮ ಕಾಫಿ ಸೀಮೆಯಲ್ಲೇ ಒಂದು ಉತ್ತರವಿದೆ. 1975ರ ಜೂನ್ 25ರಂದು ಇಂದಿರಾ ಗಾಂಧಿ ಸರ್ಕಾರ ಹೇರಿದ ತುರ್ತು ಪರಿಸ್ಥಿತಿಗೆ ತೀರ್ಪು ಕೊಟ್ಟದ್ದು ಹೊರಗಿನ ಸೈನ್ಯವಲ್ಲ, 1977ರ ಚುನಾವಣೆ. ಆಗ ರಾಯಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಯವರನ್ನು ಮರುವರ್ಷದ ನವೆಂಬರ್‌ನಲ್ಲಿ ಚಿಕ್ಕಮಗಳೂರು ಗೆಲ್ಲಿಸಿತು. ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಆ ಕ್ಷೇತ್ರದಲ್ಲಿ ಎದುರಾಳಿ ವೀರೇಂದ್ರ ಪಾಟೀಲರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಆ ಆಯ್ಕೆ ಸರಿಯೇ ಎಂಬುದು ಬೇರೆ ಚರ್ಚೆ. ಇಳಿಸುವ, ಏರಿಸುವ ಎರಡೂ ಅಧಿಕಾರ ಮೂಡಿಗೆರೆ, ಕಳಸದ ತೋಟದ ಕಾರ್ಮಿಕರಂಥ ಮತದಾರರ ಕೈಯಲ್ಲೇ ಇತ್ತು.

ಇದಕ್ಕೆ ವಿರುದ್ಧವಾಗಿ, ಆಫ್ಘಾನಿಸ್ತಾನದಲ್ಲಿ ಅಮೆರಿಕದ ಸೇನೆ 20 ವರ್ಷ ಕಾವಲಿದ್ದರೂ 2021ರ ಆಗಸ್ಟ್‌ನಲ್ಲಿ ಕಾಬೂಲ್ ಮತ್ತೆ ತಾಲಿಬಾನ್ ವಶವಾಯಿತು. ಯುದ್ಧದಲ್ಲಿ ಸೋತ ಜಪಾನ್‌ನಲ್ಲಿ ಅದೇ ಅಮೆರಿಕ ಯಶಸ್ವಿಯಾಗಲಿಲ್ಲವೇ ಎಂದು ಕೇಳುವವರಿದ್ದಾರೆ. ಆದರೆ ಜಪಾನ್‌ಗೆ 1890ರಿಂದಲೇ ಸಂಸತ್ತಿನ ಅನುಭವವಿತ್ತು, ಬೇರು ಅಲ್ಲಿಯದೇ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಮತ ಹಾಕುವವರ ಎಡಗೈ ತೋರುಬೆರಳಿನ ಉಗುರಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆ ಕೇಳಿದ ಹಲವು ದೇಶಗಳಿಗೆ ಕಳಿಸುತ್ತದೆ. ತಮ್ಮ ಚುನಾವಣೆಯನ್ನು ತಾವೇ ನಡೆಸುವವರಿಗೆ ಸಲ್ಲುವ ಇಂಥ ನೆರವೇ ನ್ಯಾಯವಾದದ್ದು. ಪರೀಕ್ಷೆಯ ಪ್ರಬಂಧ ಪತ್ರಿಕೆಯಲ್ಲಿ ಈ ವಿಷಯ ಬಂದಾಗ ಅಭ್ಯರ್ಥಿಗಳು ಕಾಬೂಲ್ ಜೊತೆಗೆ ಚಿಕ್ಕಮಗಳೂರನ್ನೂ ಬರೆಯಲಿ.